ಊಟದ ನಂತರದ ಎರಡು ಗಂಟೆ

ಚುಚ್ಚಿದ ಬೆರಳನ್ನು ಆತ ಬಾಯಿಗಿಟ್ಟುಕೊಂಡು ಚೀಪಿದ. ಅದೂ ಎಲ್ಲರೆದುರಿಗೆ, ಸಣ್ಣ ಮಗು ಹುಣಿಸೆಹಣ್ಣು ಚೀಪಿದ ಹಾಗೆ, ಚಪ್ಪರಿಸಿಕೊಂಡು.

"ಛೀ!" ಎಂದಳು ಇಂಪನಾ. ಮನಸ್ಸಿನಲ್ಲಿ ಅಂದುಕೊಳ್ಳಬೇಕಾದದ್ದು ಬಾಯಿಂದಲೇ ಬಂದುಬಿಟ್ಟಿತ್ತು.

ಆತ ತಿರುಗಿ ನೋಡಿದ. ದಪ್ಪ ಹುಬ್ಬು, ಅದರ ಕೆಳಗೆ ನಗಲು ನೆಪ ಹುಡುಕುವಂಥ ಕಣ್ಣು. "ನಂದ ರಕ್ತ ಅದರೀ ಮೇಡಂ. ಮಂದೀದು ಕುಡದಿಲ್ಲ."

"ಹತ್ತಿ ಕೊಟ್ಟಿದಾರಲ್ಲ, ಒರೆಸ್ಕೊಳ್ಳೋಕೆ."

"ಇಷ್ಟಕ್ಕ ಹತ್ತಿ ಯಾಕ ಹಾಳ ಮಾಡೂದ್ರಿ?"

ಇಂಪನಾ ತನ್ನ ಕುರ್ಚಿಯನ್ನು ಆಚೆ ಸರಿಸಿದಳು. ಈಚೆಗೆ ಅವಳ ಹೊಟ್ಟೆ ತೊಳಸದ ಸಂಗತಿಗಳೇ ಕಡಿಮೆ. ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದೇ ತಡ, ಪುಣೆಯ ಯೆರವಡಾದ ಅವಳ ಆಫೀಸಿನಲ್ಲಿ ಕಂಡಕಂಡವರೆಲ್ಲ ವೈದ್ಯರಾಗಿದ್ದರು. ಒಬ್ಬಳು ಹಾಗಲಕಾಯಿ ಜ್ಯೂಸ್ ತಂದು ಎದುರಿಗೇ ನಿಂತು ಕುಡಿಸಿದಳು. ಇನ್ನೊಬ್ಬನ ಮಾತು ಕೇಳಿ ಮೆಂತ್ಯ ನೆನೆಸಿದ ನೀರು ಕುಡಿದರೆ ಅದು ಲೋಳೆ ಲೋಳೆಯಾಗಿ ಗಂಟಲಲ್ಲೇ ನಿಂತಿತು. ಟೀಮಿನಲ್ಲಿ ಯಾರದಾದರೂ ಹುಟ್ಟುಹಬ್ಬವಾದರೆ ಕೇಕಿನ ತಟ್ಟೆ ಅವಳನ್ನು ದಾಟಿಕೊಂಡು ಹೋಗುತ್ತಿತ್ತು, ಹಿಂದೆಯೇ ಅಯ್ಯೋ ಪಾಪ ಎನ್ನುವ ನೋಟ ಬರುತ್ತಿತ್ತು. ಆ ನೋಟದ ಮುಂದೆ ಮೆಂತ್ಯದ ಲೋಳೆಯೇ ಎಷ್ಟೋ ವಾಸಿ.

ಇವರ ಕಾಟ ತಾಳಲಾರದೆಯೇ ಅವಳು ಧನಕವಡಿಯ ಈ ಕ್ಲಾಸಿಗೆ ಬಂದದ್ದು. ಪುಣೆಯ ಕೆಲವು ಕನ್ನಡದವರು ಸೇರಿ ಬಾಡಿಗೆಗೆ ಹಿಡಿದ ಹಾಲ್. ಭಾನುವಾರ ಬೆಳಿಗ್ಗೆ ಡಯಟೀಷಿಯನ್ ಭವ್ಯಶ್ರೀಯ ಪಾಠ. ಬೋರ್ಡು, ಸೀಮೆಸುಣ್ಣ ಏನೂ ಇಲ್ಲ. ಮನೆಯಲ್ಲಿ ತಿನ್ನುವುದನ್ನೇ ಡಬ್ಬಿಯಲ್ಲಿ ತಂದು ತಿನ್ನಬೇಕು. ತಿನ್ನುವ ಮೊದಲು ಒಮ್ಮೆ, ತಿಂದು ಎರಡು ಗಂಟೆಗೆ ಇನ್ನೊಮ್ಮೆ ಬೆರಳು ಚುಚ್ಚಿ, ಯಾವ ಊಟ ತನ್ನ ರಕ್ತದಲ್ಲಿ ಏನು ಮಾಡುತ್ತದೆಂದು ಕಣ್ಣಾರೆ ನೋಡಬೇಕು. ಇಬ್ಬಿಬ್ಬರ ಜೋಡಿ. ಒಂದು ವಾರ ಒಬ್ಬರ ಡಬ್ಬಿಯಲ್ಲಿ ಇಬ್ಬರ ಊಟ, ಮರುವಾರ ಇನ್ನೊಬ್ಬರದು.

"ಅಮರ್, ಇಂಪನಾ, ನೀವಿಬ್ಬರು ಒಂದು ಜೋಡಿ," ಎಂದಳು ಭವ್ಯಶ್ರೀ.

"ಬೇರೆ ಯಾರೂ ಇಲ್ವಾ?"

"ಉಳಿದವರೆಲ್ಲ ಅರವತ್ತು ದಾಟಿದವರು. ಎರಡು ಗಂಟೆ ಮಾತಾಡೋಕೆ ಅವರಿಗೆ ಮಂಡಿನೋವಾದ್ರೂ ಇದೆ. ನಿಮಗಿಬ್ಬರಿಗೆ ಏನೂ ಇಲ್ಲ."

ಅಮರ ಬಾಯಿಂದ ಬೆರಳು ತೆಗೆದು, ಅದೇ ಕೈಯಲ್ಲಿ ನಮಸ್ಕಾರ ಮಾಡಿದ.

ಆತನದು ಖಡಕಿ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಹಿರಿಯರು ಜಮಖಂಡಿ ಕಡೆಯವರು, ಆತ ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಲವತ್ತಾಗಿತ್ತು, ಮದುವೆಯಾಗಿರಲಿಲ್ಲ. "ಹೆಣ್ಣ ನೋಡಾಕ ಹೋದಲ್ಲೆಲ್ಲಾ ಶುಗರ್ ಅದ ಅಂತ ಮೊದಲ ಹೇಳ್ತಿದ್ನಿರಿ. ಅವಲಕ್ಕಿ ತಾಟು ಅರ್ಧಾ ದಾರ್ಯಾಗಿಂದನ ಒಳಗ ಹೋಗಿಬಿಡತಿತ್ತು," ಎಂದು ಹೇಳಿಕೊಂಡು ತಾನೇ ನಕ್ಕ.

ಮೊದಲ ಡಬ್ಬಿ ಇಂಪನಾಳದು. ಮಂಡ್ಯದ ಹುಡುಗಿ, ರಾಗಿ ಗಂಜಿ ಕಾಸಿ ಫ್ಲಾಸ್ಕಿನ ತುಂಬ ತಂದಿದ್ದಳು. ರಾಗಿ ತಿಂದವ ನಿರೋಗಿ ಎಂದು ಹಾಲಿಗೆಲ್ಲ ಕೇಳುವಂತೆ ಹೇಳಿಯೂ ಆಯಿತು. ಅಮರ ಸೊರ್‍ರ್ ಎಂದು ಹೀರಿ, ಮೀಸೆಗೆ ಅಂಟಿದ್ದನ್ನು ನಾಲಿಗೆಯಲ್ಲಿ ಒರೆಸಿಕೊಂಡ. ಅವಳು ಮುಖ ತಿರುಗಿಸಿದಳು. ಎರಡು ಗಂಟೆ ಬಿಟ್ಟು ನೋಡಿದರೆ ಅವಳ ಮೀಟರಿನಲ್ಲಿ ಇನ್ನೂರ ನಲವತ್ತು ದಾಟಿತ್ತು.

"ನುಣ್ಣಗಿನ ಹಿಟ್ಟು, ಮೇಲೆ ನೀರಾಗಿ ಕುಡಿಯೋದು," ಎಂದಳು ಭವ್ಯಶ್ರೀ. "ಹೊಟ್ಟೆಗೆ ಕೆಲಸವೇ ಇಲ್ಲ, ಸೀದಾ ರಕ್ತಕ್ಕೆ."

"ನಿರೋಗಿಯವ್ರ," ಎಂದ ಅಮರ ಮೆತ್ತಗೆ, "ನೀರಾದ್ರೂ ಕುಡೀರಿ."

ಮರುವಾರ ಆತನ ಸರದಿ. ಜೋಳದ ರೊಟ್ಟಿಯ ಒಂದು ಅಟ್ಟಿ, ಶೇಂಗಾ ಹಿಂಡಿ, ನೆಪಕ್ಕೊಂದಿಷ್ಟು ಪಲ್ಯ. ರೊಟ್ಟಿ ತಿಂದರೆ ಶುಗರ್ ಬರುವುದೇ ಇಲ್ಲ ಎಂಬುದು ಅವರ ಮನೆಯಲ್ಲಿ ದೇವರ ಮಾತಿನಷ್ಟು ಸತ್ಯ. ಆ ಸತ್ಯವನ್ನು ನಂಬಿ ಆತ ಒಂದರ ಮೇಲೊಂದು ಮುರಿದು ತಿಂದು, ಕೊನೆಗೆ ಗೋಡೆ ಅದುರುವ ಹಾಗೆ ತೇಗಿದ. ಮೀಟರು ಇನ್ನೂರ ಎಪ್ಪತ್ತು ತೋರಿಸಿತು.

"ಜೋಳ ತಿಂದವ ತೋಳ ಅಂತೀರಲ್ಲ," ಎಂದಳು ಇಂಪನಾ. "ತೋಳಕ್ಕೂ ಶುಗರ್ ಬಂತು ನೋಡಿ."

ಆತ ಬಿದ್ದು ಬಿದ್ದು ನಕ್ಕ. ಹಲ್ಲಿನ ಸಂದಿಯಲ್ಲಿ ಹಿಂಡಿ ಸಿಕ್ಕಿಕೊಂಡಿತ್ತು. ಅಸಹ್ಯ ಎಂದುಕೊಂಡೇ ಅವಳು ಆ ನಗುವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಬಡಾಯಿ ಇಳಿದ ಮೇಲೆ ಕಲಿಕೆ ಶುರುವಾಯಿತು. ಮೊದಲು ಸೊಪ್ಪು, ಕಾಳು. ಕಡೆಗೆ ರೊಟ್ಟಿ, ಅದೂ ತೆಳ್ಳಗಿನದು ಒಂದು. ಗಂಜಿಯ ಬದಲು ನಿಂಬೆಹಣ್ಣಿನ ಗಾತ್ರಕ್ಕಿಂತ ತುಸು ದೊಡ್ಡ ಮುದ್ದೆ, ಜೊತೆಗೆ ಬಟ್ಟಲು ತುಂಬ ಹುರುಳಿಕಾಳಿನ ಸಾರು. ಉಂಡ ಮೇಲೆ ಹಾಲಿನ ಹಿಂದಿನ ಮೈದಾನಕ್ಕೆ ನಾಲ್ಕು ಸುತ್ತು. ಒಂದೇ ಡಬ್ಬಿಯ ಅನ್ನ ಅವಳಿಗೆ ಏರುವಷ್ಟು ಆತನಿಗೆ ಏರುತ್ತಿರಲಿಲ್ಲ, ಆತನಿಗೆ ಏರುವ ಆಲೂಗಡ್ಡೆ ಅವಳನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಒಬ್ಬರ ಪಥ್ಯ ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಭವ್ಯಶ್ರೀ ಎಷ್ಟು ಸಲ ಹೇಳಿದ್ದಳೋ, ಅದು ತಲೆಗೆ ಹತ್ತಿದ್ದು ಹೀಗೆ ಅಕ್ಕಪಕ್ಕ ಕೂತು ಬೆರಳು ಚುಚ್ಚಿಕೊಂಡಾಗ.

"ನೀವು ಉಣ್ಣೂದು ನೋಡಿದ್ರ ಗುಳಗಿ ನುಂಗಿದಂಗ ಅನಸ್ತದ್ರಿ," ಎಂದ ಅಮರ ಒಂದು ದಿನ.

"ನೋಡ್ಬೇಡಿ."

"ಎರಡ ತಾಸು ಮತ್ತೇನ ನೋಡ್ಲಿ? ಅವ್ರೆಲ್ಲಾರ ಮಣಕಾಲ ನೋಡ್ಲಿ?"

ಅವಳಿಗೆ ನಗು ತಡೆಯಲಿಲ್ಲ. ನಗುತ್ತ ಬಾಯಿಗಿಟ್ಟ ತುತ್ತು, ಎಷ್ಟೋ ತಿಂಗಳ ನಂತರ, ರುಚಿಯಾಗಿತ್ತು. ಆತ ಅದನ್ನೂ ಕಂಡ. ತನ್ನ ತಟ್ಟೆಯ ಹೆಸರುಕಾಳಿನ ಪಲ್ಯವನ್ನು ಅವಳ ಕಡೆ ಸರಿಸಿದ. ಅವಳು ಎಂಜಲು ಎನ್ನಲಿಲ್ಲ.

ಇಂಪನಾಳ ಅಂಕಿ ಹದಕ್ಕೆ ಬರತೊಡಗಿತು. ಜೋಡಿಯ ಇಬ್ಬರ ಅಂಕಿಯೂ ತಿಂಗಳಿಡೀ ಹೀಗೇ ನಿಂತರೆ ನೀವಿಬ್ಬರೂ ಇಲ್ಲಿಗೆ ಬರಬೇಕಾಗಿಲ್ಲ ಎಂದು ಭವ್ಯಶ್ರೀ ಬೆನ್ನು ತಟ್ಟಿದಳು. ಅಮರನದೂ ಇಳಿದಿತ್ತು, ಆದರೆ ಆ ಮಾತು ಕೇಳಿದ ಮರುವಾರದಿಂದ ಇದ್ದಕ್ಕಿದ್ದಂತೆ ಏರತೊಡಗಿತು. ಊಟಕ್ಕೆ ಮೊದಲೇ ಏರಿರುತ್ತಿತ್ತು. ಭವ್ಯಶ್ರೀ ತಲೆ ಕೆರೆದುಕೊಂಡು ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ಗುಳಿಗೆ ಹೆಚ್ಚಿಸಿದರು.

ಆ ವಾರವೆಲ್ಲ ಇಂಪನಾಳಿಗೆ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಏನು ತಿಂದಿರಿ, ನಡೆದಿರಾ, ನಿದ್ದೆ ಬಂತಾ ಎಂದು ಮೆಸೇಜ್ ಮಾಡಿದಳು. ಯಾರದೋ ರಕ್ತದ ಅಂಕಿಗೆ ತನ್ನ ಎದೆ ಏಕೆ ಹೀಗೆ ಹೊಡೆದುಕೊಳ್ಳಬೇಕು ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಚಪ್ಪರಿಸುವ, ತೇಗುವ, ಬೆರಳು ಚೀಪುವ ಈ ಮನುಷ್ಯನ ಮೇಲೆ ಅವಳಿಗೆ ಪ್ರೀತಿ ಹುಟ್ಟಿತ್ತು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಜಿಗುಪ್ಸೆಯಾಯಿತು.

ಏಕೆಂದರೆ ಇನ್ನೊಬ್ಬ ಸಕ್ಕರೆ ಕಾಯಿಲೆಯವನನ್ನು ಹಚ್ಚಿಕೊಳ್ಳುವುದಿಲ್ಲ ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು. ಅವಳ ಅಪ್ಪ ಮುನಿಸ್ವಾಮಿ ದಿಂಬಿನ ಕೆಳಗೆ ಬೆಲ್ಲದಚ್ಚು ಬಚ್ಚಿಡುತ್ತಿದ್ದರು. ಹಾಸಿಗೆಗೆ ಇರುವೆ ಮುತ್ತಿದರೂ "ನಾನೇನೂ ತಿಂದಿಲ್ಲ ಪುಟ್ಟಿ" ಎನ್ನುತ್ತಿದ್ದರು. ಆಮೇಲೆ ಕಾಲಿನಲ್ಲಿ ಹುಣ್ಣಾಯಿತು. ಕಾಲೇಜಿಗೆ ಹೋಗುವ ಮುಂಚೆ ಅದನ್ನು ತೊಳೆದು ಬಟ್ಟೆ ಕಟ್ಟುವುದು ಅವಳ ಕೆಲಸ. ಆ ವಾಸನೆ ಉಗುರಿನ ಸಂದಿಯಿಂದ ಹೋಗುತ್ತಲೇ ಇರಲಿಲ್ಲ, ಅದೇ ಕೈಯಲ್ಲಿ ಊಟ ಮಾಡಬೇಕಿತ್ತು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಕೊನೆಗೆ ಅಪ್ಪ.

ಅಂದು ಭಾನುವಾರ ಅವಳು ಬಸ್ಸಿಳಿದಾಗ ಕ್ಲಾಸಿಗೆ ಇನ್ನೂ ಹೊತ್ತಿತ್ತು. ಮೂಲೆಯ ಕಬ್ಬಿನ ರಸದಂಗಡಿಯ ಗಾಣಕ್ಕೆ ಕಟ್ಟಿದ ಗೆಜ್ಜೆ ಝಣಗುಡುತ್ತಿತ್ತು. ಅಂಗಡಿಯವನು ಎರಡನೆಯ ಗ್ಲಾಸು ಬಗ್ಗಿಸುತ್ತ "ಬರ್ಫ್ ಟಾಕೂ ಕಾ ದಾದಾ?" ಎಂದು ಕೇಳುತ್ತಿದ್ದ. ಐಸು ಬೇಡವೆಂದು ತಲೆಯಾಡಿಸಿದ ದಾದಾ ಅಮರ. ಮೀಸೆಯ ತುಂಬ ಹಸಿರು ನೊರೆ, ನೊರೆಯ ಸುತ್ತ ಒಂದು ನೊಣ.

ಅವಳನ್ನು ಕಂಡು ಆತ ಬೆಚ್ಚಿದ. ಆಮೇಲೆ, ಸಿಕ್ಕಿಬಿದ್ದ ಮೇಲೆ ಇನ್ನೇನು ಎಂಬಂತೆ, ಚೆಲುವಾಗಿ ನಕ್ಕ.

"ಯಾವಾಗಿನಿಂದ?" ಎಂದಳು.

"ನಾಕ್ ವಾರ ಆತರಿ. ಕ್ಲಾಸಿಗಿ ಬರೂ ಮುಂದ ಅಷ್ಟ." ಆತನ ದನಿ ತಗ್ಗಿತು. "ನನ್ನ ಶುಗರ್ ಹದಕ್ಕ ಬಂತು ಅಂದ್ರ ಇಲ್ಲೆ ಬರೂದು ಮುಗೀತು. ಆಮ್ಯಾಗ ನೀವು ನನಗ ಎಲ್ಲಿ ಸಿಗ್ತೀರಿ, ಇಂಪನಾ? ಆ ಎರಡ ತಾಸು ನನಗ ಬೇಕರಿ."

ಒಂದೇ ಒಂದು ಗಳಿಗೆ ಅವಳ ಮನಸ್ಸು ಹಿಗ್ಗಿತು. ಮರುಗಳಿಗೆಯೇ ಆ ಹಿಗ್ಗಿನ ಮೇಲೆ ವಾಕರಿಕೆ ನುಗ್ಗಿ ಬಂತು. ಗಟಾರದ ಅಂಚಿಗೆ ಓಡಿ ಬಗ್ಗಿ ನಿಂತಳು. ಆತ ನೀರು ಹಿಡಿದು ಬಂದರೆ ಕೈ ತಳ್ಳಿದಳು.

"ಮುಟ್ಬೇಡಿ! ಇದನ್ನ ಪ್ರೀತಿ ಅಂದ್ಕೊಂಡಿದೀರಾ? ನನ್ನ ನಂಬರ್ ಇತ್ತಲ್ಲ, ಒಂದು ಫೋನ್ ಮಾಡಿದ್ರೆ ಸಿಗ್ತಿರ್ಲಿಲ್ವಾ ನಾನು? ನಿಮ್ಮ ಸುಳ್ಳು ಅಂಕಿ ನಂಬ್ಕೊಂಡು ಡಾಕ್ಟರ್ ಮಾತ್ರೆ ಜಾಸ್ತಿ ಮಾಡಿದ್ರಲ್ಲ, ಅಂಗಡೀಲಿ ತಲೆ ಸುತ್ತಿ ಬಿದ್ದಿದ್ರೆ?"

"ಬಿದ್ದಿಲ್ಲಲ್ರಿ..."

"ನಮ್ಮಪ್ಪನೂ ಹೀಗೇ ನಗ್ತಿದ್ರು. ಅವರ ಕಾಲು ತೊಳೆದಿದೀನಿ ನಾನು. ಹುಳ ಬಿದ್ದಿತ್ತು ಅಮರ್, ಹುಳ! ನಿಮ್ಮ ಕಾಲು ತೊಳೆಯೋಕೂ ನನ್ನ ಕೂರಿಸ್ಬೇಕು ಅಂತಿದೀರಾ? ನಿಮ್ಮನ್ನ ನೋಡಿದ್ರೆ ಅಸಹ್ಯ ಆಗುತ್ತೆ."

ಆತನ ಮುಖದ ನಗು ಆರಿಹೋಯಿತು. ಅವಳು ಬಂದ ದಾರಿಯಲ್ಲೇ ವಾಪಸ್ಸು ಹೋದಳು. ಬಸ್ಸಿನಲ್ಲಿ ಕಿಟಕಿಗೆ ಹಣೆಯಿಟ್ಟು ಅತ್ತಳು. ಆ ಒಂದು ಗಳಿಗೆ ತಾನು ಹಿಗ್ಗಿದ್ದು ಅವಳಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿತ್ತು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಮೆಸೇಜ್ ಒಂದೂ ಬರಲಿಲ್ಲ. ಬಂದರೆ ಬ್ಲಾಕ್ ಮಾಡಬೇಕೆಂದು ಕಾದಿದ್ದವಳಿಗೆ ಬಾರದಿದ್ದದ್ದಕ್ಕೂ ಸಿಟ್ಟು ಬಂತು.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನ ಗೇಟಿನ ಹೊರಗೆ, ಮರದ ಕೆಳಗಿನ ಕಟ್ಟೆಯ ಮೇಲೆ ಅಮರ ಕೂತಿದ್ದ. ಕೈಯಲ್ಲಿ ಹೂವಿಲ್ಲ, ಮುಖದಲ್ಲಿ ನಗುವಿಲ್ಲ.

"ಕ್ಲಾಸಿನ್ಯಾಗ ಎಲ್ಲಾರ ಮುಂದ ಖರೇ ಹೇಳಿದ್ನಿ," ಎಂದ. "ಭವ್ಯಶ್ರೀಯವ್ರು ಭಾಳ ಬೈದ್ರು. ಡಾಕ್ಟರಿಗೂ ಹೇಳಿದ್ನಿ, ಗುಳಗಿ ಕಮ್ಮಿ ಮಾಡಿದ್ರು. ಅದನ್ನ ಹೇಳಾಕ ಬಂದಿಲ್ಲರಿ." ಬಗ್ಗಿ ಬೂಟಿನ ಲೇಸಿಗೆ ಕೈಹಾಕಿದ. "ನೀವು ಕಾಲಿನ ಮಾತು ಆಡಿದ್ರಲ್ಲಾ, ಅದು ತಲ್ಯಾಗ ಕುಂತಬಿಟ್ಟಿತ್ತು. ಇವತ್ತ ಮುಂಜಾನೆ ಅಣ್ಣನ ಹೇಣ್ತಿ, ನಮ್ಮ ವೈನಿ ಕನ್ನಡಿ ಇಸ್ಕೊಂಡು ಅಂಗಾಲು ನೋಡ್ಕೊಂಡ್ನಿ. ಹುಟ್ಟಿದ ಮ್ಯಾಲ ಮೊದಲ್ನೇ ಸಲ."

ಬೂಟು ಬಿಚ್ಚಿದ. ಕಾಲುಚೀಲ ಅಂಟಿಕೊಂಡಿತ್ತು, ಎಳೆದು ತೆಗೆದ. ಹೆಬ್ಬೆರಳಿನ ಬುಡದಲ್ಲಿ ನಾಲ್ಕಾಣೆಯಷ್ಟು ಅಗಲದ ಗಾಯ, ಅಂಚು ಬೆಳ್ಳಗೆ, ನಡುವೆ ಹಳದಿ ತೇವ. ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡು ಹೋಗುತ್ತಿದ್ದ ಇಬ್ಬರು ಮೂಗು ಮುಚ್ಚಿಕೊಂಡು ಆಚೆ ಸರಿದರು.

"ಏನ ಚುಚ್ಚೇದೋ ಗೊತ್ತಿಲ್ಲ. ನೋವ ಆಗಂಗಿಲ್ಲರಿ, ಅದ ನನಗ ಅಂಜಿಕಿ." ಕಾಲುಚೀಲವನ್ನು ಮುದುರಿ ಮುಷ್ಟಿಯಲ್ಲಿ ಹಿಡಿದ. "ನಿಮಗ ಹೇಸಿಗಿ ಆಗ್ತದ ಅಂತ ಗೊತ್ತದ. ಇದನ್ನ ನೋಡಿ ನೀವು ಹೋಗಿಬಿಡ್ರಿ, ನಾ ಏನೂ ಅನ್ನಂಗಿಲ್ಲ. ಆದ್ರ ಇನ್ನ ಮುಂದ ನಿಮ್ಮ ಮುಂದ ಮುಚ್ಚಿಡೂದಿಲ್ಲ."

ಇಂಪನಾ ಒಂದು ಹೆಜ್ಜೆ ಹಿಂದೆ ಸರಿದಳು. ಅದೇ ವಾಸನೆ, ಅಪ್ಪನ ಕೋಣೆಯದು. ಆದರೆ ಅಪ್ಪ ಕಾಲನ್ನು ರಗ್ಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಈತ ಹಾಡಹಗಲಲ್ಲಿ, ನಾಲ್ಕು ಜನರೆದುರಿಗೆ ಅವಳ ಮುಂದೆ ಚಾಚಿ ಕೂತಿದ್ದ.

"ಎದ್ದೇಳಿ," ಎಂದಳು. "ಡಾಕ್ಟರ್ ಹತ್ರ ಹೋಗೋದು ಬಿಟ್ಟು ಇಲ್ಲಿ ಬಂದು ಕೂತಿದಾರೆ, ಪೆದ್ದು!"

ಆಟೋದಲ್ಲಿ ಆತನ ಬೂಟು ಅವಳ ತೊಡೆಯ ಮೇಲಿತ್ತು. ಕ್ಲಿನಿಕ್ಕಿನ ಡಾಕ್ಟರು ಮರಾಠಿಯವರು. ಗಾಯವನ್ನು ಒತ್ತಿ, ಕೆದಕಿ ನೋಡಿ, "ವೇಳೇವರ ಆಲಾತ," ಎಂದರು. ಸರಿಯಾದ ಹೊತ್ತಿಗೆ ಬಂದಿದ್ದೀರಿ, ಮೂಳೆಗೆ ಇಳಿದಿಲ್ಲ, ಸಕ್ಕರೆ ಹದದಲ್ಲಿಟ್ಟು ದಿನಾ ತೊಳೆದು ಕಟ್ಟಿದರೆ ವಾಸಿಯಾಗುತ್ತದೆ ಎಂದು ಹೇಳಿ, ಮನೆಯಲ್ಲಿ ಕಟ್ಟುವವರು ಯಾರು ಎಂದು ಕೇಳಿದರು.

"ನಾನ ಕಟ್ಕೋತೀನಿ," ಎಂದ ಅಮರ. ಅಂಗಾಲು ಆತನಿಗೇ ಕಾಣುತ್ತಿರಲಿಲ್ಲ.

ಇಂಪನಾ ನರ್ಸಿನ ಕೈಯಿಂದ ಗ್ಲೌಸ್ ತೆಗೆದುಕೊಂಡಳು. ಸ್ಟೂಲು ಎಳೆದು ಕೂತು, ಆತನ ಹಿಮ್ಮಡಿಯನ್ನು ಎಡಗೈಯಲ್ಲಿ ಹಿಡಿದಳು. ಒರೆಸುವಾಗ ಒಮ್ಮೆ ಓಕರಿಕೆ ಬಂತು. ಮುಖ ಆಚೆ ಮಾಡಿ ಉಸಿರೆಳೆದುಕೊಂಡು ಮತ್ತೆ ಈಚೆ ತಿರುಗಿದಳು. ಆತ ಅವಳನ್ನೇ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

"ಹೇಸಿಗಿ ಆಗಾಕತ್ತದೇನ್ರಿ?"

"ಹೂಂ, ತುಂಬಾ."

"ಮತ್ತ ಬಿಡ್ರಿ."

"ಆಗ್ಲಿ. ನಾಳೆ ಮತ್ತೆ ತೋರಿಸ್ಬೇಕು. ನಾಡಿದ್ದೂ. ವಾಸಿಯಾದ ಮೇಲೂ ದಿನಾ ತೋರಿಸ್ಬೇಕು, ಎರಡೂ ಕಾಲು."

"ದಿನಾ ಅಂದ್ರ..." ಆತ ಮುಂದಕ್ಕೆ ಬಗ್ಗಿದ. "ಎಷ್ಟ ದಿನ, ಇಂಪನಾ?"

ಅವಳು ಬಟ್ಟೆಯ ತುದಿಯನ್ನು ಸಿಕ್ಕಿಸಿ, ಪಾದವನ್ನು ಕೆಳಗಿಡದೆ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಬದುಕಿರೋವರೆಗೂ," ಎಂದಳು. "ಅದಕ್ಕೇ ಹೇಳ್ತಿರೋದು, ಬೇಗ ಸಾಯ್ಬೇಡಿ."