ಒಂದೇ ಮನೆಯ ಇಬ್ಬರು

"ಲೈಟ್ ಆರಿಸಿ! ಕೇಳಿಸ್ತಿಲ್ವಾ ನಿಮಗೆ? ಆರಿಸೀ...!"

ಬ್ಲ್ಯಾಕೌಟ್ ಡ್ರಿಲ್‌ನ ಸೈರನ್ ಊಳಿಡುತ್ತಿತ್ತು. ಡೊಂಬಿವ್ಲಿ ಪೂರ್ವದ ಬೀದಿಗೆ ಬೀದಿಯೇ ಕಪ್ಪಾಗಿತ್ತು. ಬೂಬಣ್ಣನವರ 'ಹೋಟೆಲ್ ನಳಿನಾ'ದ ಅಡುಗೆಮನೆಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಕಾವಲಿಯ ಮೇಲೆ ದೋಸೆ ಇತ್ತಲ್ಲ, ಕತ್ತಲಲ್ಲಿ ಮಗುಚುವುದು ಹೇಗೆ?

"ಒಂದು ನಿಮಿಷ ತಡೀರಿ..." ಗಲ್ಲಾದಲ್ಲಿ ಕೂತಿದ್ದ ಬೂಬಣ್ಣನ ಮಗಳು ನಿಶ್ಮಿತಾ ಹೇಳಿ ಮುಗಿಸುವಷ್ಟರಲ್ಲಿ ಎತ್ತರದ ನೆರಳೊಂದು ಒಳನುಗ್ಗಿತು. ಅವಳ ತಲೆಯ ಮೇಲಿಂದ ಕೈ ಚಾಚಿ ಮೇನ್ ಸ್ವಿಚ್ಚನ್ನು ಧಡ್ಡನೆ ಕೆಳಗೆಳೆಯಿತು.

ಕತ್ತಲು.

ನಿಶ್ಮಿತಾಳ ಮೈಯೆಲ್ಲ ಉರಿದುಹೋಯಿತು. "ಯಾರ್ರೀ ನೀವು? ನನ್ನ ಮೇನ್ ಸ್ವಿಚ್ ಮುಟ್ಲಿಕ್ಕೆ ನೀವ್ಯಾರು?"

"ಮೇಲಿಂದ ನೋಡುವವನಿಗೆ ಒಂದೇ ಒಂದು ಟ್ಯೂಬ್‌ಲೈಟ್ ಸಾಕು ಮೇಡಂ. ಅಷ್ಟರಿಂದ ಅವನು ನಿಮ್ಮ ಇಡೀ ಬೀದಿ ಹಿಡೀತಾನೆ."

"ಓಹೋ! ದೊಡ್ಡ ಜನ! ಮೇಲಿಂದ ನೋಡಿದ್ದೀರೋ?"

"ನೋಡಿದ್ದೇನೆ. ಅದೇ ನನ್ನ ಕೆಲಸ."

ಆ ದನಿಯಲ್ಲಿ ಜಂಬವಿರಲಿಲ್ಲ. ಏನೋ ಭಾರವಿತ್ತು... ಅದನ್ನು ಕೇಳಿ ನಿಶ್ಮಿತಾಳ ನಾಲಿಗೆಯ ತುದಿಗೆ ಬಂದ ಬೈಗುಳ ಅಲ್ಲೇ ನಿಂತಿತು.

ಬಾಗಿಲ ಬಳಿಯ ಕತ್ತಲೆಯಿಂದ ಗಹಗಹಿಸಿ ನಗು ಕೇಳಿತು. ಎಲ್ಲಿದ್ದರೂ ಗುರುತು ಹಿಡಿಯಬಹುದಾದ ನಗು!

"ಸತ್ತೆಯಾ ಅಭಿ? ನಾನು ಮೊದಲೇ ಹೇಳ್ಲಿಲ್ವಾ ಮಾರಾಯ, ಶತ್ರುವಿನ ಮೇಲೆ ಬೇಕಾದ್ರೆ ಹಾರು, ನನ್ನ ತಂಗಿಯ ಗಲ್ಲಾದ ಮೇಲೆ ಹಾರ್ಬೇಡ ಅಂತ!"

"ಅಣ್ಣಾ!" ನಿಶ್ಮಿತಾ ಕತ್ತಲಲ್ಲೇ ಓಡಿದಳು.

ಅವಳ ಅಣ್ಣ ಜಯೇಶ್ ಬಾಂಬರ್ ಪೈಲಟ್. ಇಬ್ಬರೇ ಕೂರುವ ಹಗುರ ವಿಮಾನ ಅದು. ಮುಂದಿನ ಸೀಟಿನಲ್ಲಿ ಹಾರಿಸುವವನು ಜಯೇಶ್. ಹಿಂದಿನ ಸೀಟಿನಲ್ಲಿ ದಾರಿ ಹೇಳುವವನು, ಗುರಿ ಹಿಡಿದು ಬಾಂಬ್ ಬಿಡುವವನು ಅಭಿಜಿತ್. ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಸೀವುಡ್ಸ್‌ನಲ್ಲಿ. ಅಪ್ಪ ರಬಾಳೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್.

ಲೈಟ್ ಬಂದ ಮೇಲೆ ನೋಡಿದರೆ ಕಾವಲಿಯ ದೋಸೆ ಇದ್ದಿಲಾಗಿತ್ತು. ನಿಶ್ಮಿತಾ ಅದನ್ನೇ ತಟ್ಟೆಗೆ ಹಾಕಿ ತಂದು ಅವನ ಮುಂದೆ ಕುಕ್ಕಿದಳು. "ತಗೊಳ್ಳಿ. ನೀವೇ ಸುಟ್ಟದ್ದು, ನೀವೇ ತಿನ್ನಿ."

ಅವನು ತಿಂದ. ಒಂದು ಚೂರೂ ಬಿಡದೆ ತಿಂದ!

'ಎಂಥ ಮನುಷ್ಯ ಇವನು...' ಅಂದುಕೊಳ್ಳುತ್ತ ಅವಳು ಅಂದು ಚಿಲ್ಲರೆ ಕೊಡುವಾಗ ಎರಡು ಸಲ ತಪ್ಪಿದಳು.

*

ಆಮೇಲೆ ಜಯೇಶ್ ರಜೆಗೆ ಬಂದಾಗಲೆಲ್ಲ ಹಿಂದೆಯೇ ಅಭಿಜಿತ್ ಬರುತ್ತಿದ್ದ. ಸೀವುಡ್ಸ್‌ನಿಂದ ಲೋಕಲ್ ರೈಲಿನಲ್ಲಿ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ಡೊಂಬಿವ್ಲಿಗೆ, ಆ ನೂಕುನುಗ್ಗಲಲ್ಲಿ ಅಂಗಿಯ ಗುಂಡಿ ಕಿತ್ತುಕೊಂಡು ಬಂದು, "ಚಹಾ ಕುಡಿಯೋಣ ಅಂತ ಬಂದೆ" ಎನ್ನುತ್ತಿದ್ದ.

"ಸೀವುಡ್ಸಲ್ಲಿ ಚಹಾ ಸಿಗುದಿಲ್ವಾ?" ನಿಶ್ಮಿತಾ ಚುಚ್ಚುತ್ತಿದ್ದಳು.

"ಸಿಗ್ತದೆ. ಬೈಗುಳ ಸಿಗುದಿಲ್ಲ."

ಒಂದು ಸಂಜೆ ಮುಂಬ್ರಾದ ಗುಡ್ಡಗಳ ಕಡೆಯಿಂದ ಮೋಡ ಏರಿ ಬರುತ್ತಿದ್ದಾಗ ಅವಳು ಕೇಳಿಯೇಬಿಟ್ಟಳು. "ಅವತ್ತು ಒಂದು ಟ್ಯೂಬ್‌ಲೈಟ್ ಸಾಕು ಅಂದ್ರಲ್ಲ... ನೀವೂ ಹಾಗೇ ಹುಡುಕುದಾ? ಬೇರೆಯವರ ಊರಿನ ಟ್ಯೂಬ್‌ಲೈಟ್?"

ಅಭಿಜಿತ್ ಲೋಟ ಕೆಳಗಿಟ್ಟ. "ನಮಗೆ ಊರು ಕೊಡುದಿಲ್ಲ. ಎಣ್ಣೆ ಟ್ಯಾಂಕು, ರನ್‌ವೇ, ಸೇತುವೆ, ಅಷ್ಟೇ."

"ಅಲ್ಲಿಯೂ ಯಾರಾದ್ರೂ ರೊಟ್ಟಿ ಸುಡ್ತಾ ಇರ್ತಾರಲ್ಲ..."

"ಇರ್ತಾರೆ." ಅವನು ತನ್ನ ಕೈ ನೋಡಿಕೊಂಡ. "ಅದು ನೆನಪಾದಾಗ ಈ ಕೈ ನಡುಗ್ತದೆ. ಆಗ ನಿಮ್ಮಣ್ಣ ಮುಂದಿನ ಸೀಟಿಂದ ಏನಾದ್ರೂ ಹಾಳು ಜೋಕ್ ಹೇಳ್ತಾನೆ. ಅವನಿಲ್ಲದೆ ನಾನು ಮೇಲೆ ಹೋಗ್ಲಿಕ್ಕಿಲ್ಲ."

ಅವನಿಲ್ಲದೆ ನಾನು ಮೇಲೆ ಹೋಗ್ಲಿಕ್ಕಿಲ್ಲ. ಈ ಮಾತನ್ನು ನಿಶ್ಮಿತಾ ಸೆರಗಿನ ಗಂಟಿನಂತೆ ಜೋಪಾನವಾಗಿ ಇಟ್ಟುಕೊಂಡಳು. ಅಯ್ಯೋ, ಮುಂದೆ ಅದೇ ಗಂಟು ಬಿಚ್ಚಿ ಅವನ ಮುಖಕ್ಕೆ ಎಸೆಯಬೇಕಾಗಿ ಬರುತ್ತದೆ ಎಂದು ಅವಳಿಗೇನು ಗೊತ್ತಿತ್ತು!

*

ಕೆಲವೇ ವಾರಗಳಲ್ಲಿ ಡ್ರಿಲ್ ಹೋಗಿ ನಿಜದ ಯುದ್ಧ ಬಂತು. ರಜೆಯಲ್ಲಿದ್ದವರನ್ನೆಲ್ಲ ವಾಪಸ್ ಕರೆದರು. ಟಿವಿಯಲ್ಲಿ ಕೋಟು ಹಾಕಿದವರು ಕೂತಲ್ಲೇ ಕೂತು ಗಡಿ ದಾಟುತ್ತಿದ್ದರು. ಅವರ ಮನೆಯ ಒಂದು ನಾಯಿಮರಿಯೂ ಗಡಿಗೆ ಹೋಗಿರಲಿಲ್ಲ.

ಒಂದು ಸಂಜೆ ಜಯೇಶನ ಫೋನ್ ಬಂತು. ದನಿ ಎಂದಿನಂತಿರಲಿಲ್ಲ.

"ನಿಶೂ, ನಾಳೆಯಿಂದ ಸ್ವಲ್ಪ ಫೋನ್ ಸಿಗ್ಲಿಕ್ಕಿಲ್ಲ. ಅಮ್ಮನಿಗೆ ಹೇಳು."

ಎಲ್ಲಿಗೆ ಎಂದು ಅವಳು ಕೇಳಬಾರದು, ಕೇಳಿದರೂ ಅವನು ಹೇಳಬಾರದು. ಏನಾದರೂ ಒಳ್ಳೆಯ ಮಾತು, ಅವನು ಜೊತೆಗೆ ಒಯ್ಯುವಂಥ ಮಾತು ಹೇಳಬೇಕು ಅನ್ನಿಸಿತು.

"ಅಣ್ಣಾ... ನಿನ್ನ ಹಿಂದೆ ಕೂರ್ತಾನಲ್ಲ ಅವನು... ನನಗೆ ಅವನು ಆಗ್ಬಹುದು."

"ಎಂತ?! ಸುಟ್ಟ ದೋಸೆ ತಿಂದವನಾ?" ಜಯೇಶ್ ಜೋರಾಗಿ ನಕ್ಕ. "ಅವನಿಗೆ ಹೇಳಿದ್ದೀಯಾ?"

"ಇಲ್ಲ. ನೀವು ಬಂದ ಮೇಲೆ ನಾನೇ ಹೇಳ್ತೇನೆ. ನೀನು ಬಾಯಿ ಬಿಡ್ಬೇಡ!"

ಜಯೇಶ್ ನಗು ನಿಲ್ಲಿಸಿ ಮೆಲ್ಲಗೆ ಅಂದ, "ಹಾಗಾದ್ರೆ ನನಗೊಂದು ಕೆಲಸ ಉಂಟು. ಈಗಲೇ ಮಾಡ್ಬೇಕು. ಇಡ್ತೇನೆ ನಿಶೂ."

ಅದೇ ಕೊನೆ.

*

ಮರುದಿನ ಮಧ್ಯಾಹ್ನ ದಾಳಿಯ ಸುದ್ದಿ ಹೊರಬಿತ್ತು. 'ನಮ್ಮ ಬಾಂಬರ್‌ಗಳು ನುಗ್ಗಿ ಹೊಡೆದವು!' ಎದುರಿನ ಸೊಸೈಟಿಯವರು ಗೇಟಿನಲ್ಲಿ ಪಟಾಕಿ ಹಚ್ಚಿದರು. ಯಾರೋ ಓಡಿ ಬಂದು ಬೂಬಣ್ಣನ ಬಾಯಿಗೆ ಪೇಢೆ ತುರುಕಿದರು.

ಬೂಬಣ್ಣ ಅದನ್ನು ನುಂಗುವ ಮೊದಲೇ ಗಲ್ಲಾದ ಫೋನ್ ಹೊಡೆದುಕೊಂಡಿತು.

ನಾಲ್ಕು ವಿಮಾನ ಹೋಗಿದ್ದವು. ಮೂರು ಬಂದವು. ಪೆಟ್ಟು ತಿಂದ ನಾಲ್ಕನೆಯದು ಹೇಗೋ ಗಡಿಯ ಈಚೆಗೆ ತಲುಪಿ ಮರಳಿನಲ್ಲಿ ಬಿದ್ದಿತ್ತು. ಅದರ ಮುಂದಿನ ಸೀಟಿನಲ್ಲಿ ಜಯೇಶ್ ಇದ್ದ.

ಪಟಾಕಿ ಇನ್ನೂ ಸಿಡಿಯುತ್ತಲೇ ಇತ್ತು. ಥೂ! ಯಾರ ಮನೆ ಉರಿದರೆ ಯಾರಿಗೆ ದೀಪಾವಳಿ!

ನಿಶ್ಮಿತಾ ಫೋನ್ ಕೆಳಗಿಟ್ಟಳು. ಅಣ್ಣ ಹೋದ... ಅಣ್ಣನ ಹಿಂದೆಯೇ ಕೂತಿದ್ದ ಅವನೂ ಹೋದ... ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಹೆಣವಾಯಿತು.

ಆದರೆ ಮುಚ್ಚಿದ ಪೆಟ್ಟಿಗೆ ಮನೆಗೆ ಬಂದಾಗ ಅದಕ್ಕೆ ಹೆಗಲು ಕೊಟ್ಟವರಲ್ಲಿ ಮೊದಲನೆಯವನು ಅಭಿಜಿತ್! ಜೀವಂತ! ಮೈಮೇಲೆ ಒಂದು ಗೀರೂ ಇಲ್ಲ.

ಒಂದು ಕ್ಷಣ, ಒಂದೇ ಕ್ಷಣ, ಅವಳ ಜೀವ ಹಿಗ್ಗಿತು. ಅಣ್ಣನ ಪೆಟ್ಟಿಗೆಯ ಮುಂದೆ ಹಿಗ್ಗಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಹೇಸಿಗೆಯೆಲ್ಲ ಕೋಪವಾಗಿ ಅವನ ಮೇಲೆ ತಿರುಗಿತು.

"ನೀವು ಹಿಂದಿನ ಸೀಟಲ್ಲಿ ಇರ್ಲಿಲ್ವಾ?"

"ಇಲ್ಲ. ಬೇರೆ ವಿಮಾನದಲ್ಲಿದ್ದೆ."

"ಯಾಕೆ?"

ಅಭಿಜಿತ್ ತಲೆ ತಗ್ಗಿಸಿದ.

"ಅವನಿಲ್ಲದೆ ಮೇಲೆ ಹೋಗ್ಲಿಕ್ಕಿಲ್ಲ ಅಂದವರು ನೀವೇ ಅಲ್ವಾ? ಜೋಕ್ ಕೇಳ್ಲಿಕ್ಕೆ ಅವನು ಬೇಕು, ಸಾಯ್ಲಿಕ್ಕೆ ಬೇಡ! ಹೇಳಿ, ಯಾಕೆ ಇಳಿದ್ರಿ?"

"ನಿಶ್ಮಿತಾ... ಅದೊಂದು ಕೇಳ್ಬೇಡಿ."

"ಹೆದರಿದ್ರಿ. ಅಷ್ಟೇ ತಾನೇ?"

ಅವನು ಕಣ್ಣೆತ್ತಿ ನೋಡಿದ. "ಹೌದು ಅಂತಲೇ ಇಟ್ಕೊಳ್ಳಿ."

"ಹೋಗಿ! ಈ ಹೊಸ್ತಿಲು ಇನ್ನು ತುಳೀಬೇಡಿ!"

*

ಜಯೇಶನ ಉತ್ತರಕ್ರಿಯೆಯ ದಿನ ಸಂಜೆ ಅವನು ಮತ್ತೆ ಬಂದ. ಹೊಸ್ತಿಲು ತುಳಿಯಲಿಲ್ಲ. ಊಟ ನಡೆದಿದ್ದ ಹೋಟೆಲಿನ ಹೊರಗೆ, ಪಕ್ಕದ ಪಾನ್ ಅಂಗಡಿಯ ನೆರಳಲ್ಲಿ ನಿಂತ. ಯುದ್ಧ ಮುಗಿದಿರಲಿಲ್ಲ. ಆ ರಾತ್ರಿಯೇ ಅವನು ದಳಕ್ಕೆ ಮರಳಬೇಕಿತ್ತು.

ತಾಯಿ ನಳಿನಾಕ್ಷಿ ಕಿಟಕಿಯಿಂದ ಕಂಡರು. "ಆ ಹುಡುಗ ಉಂಡಿದ್ದಾನಾ ಕೇಳು ನಿಶೂ."

"ಅವನು ನಮ್ಮ ಅಣ್ಣನನ್ನು ಬಿಟ್ಟು ಇಳಿದವನು ಅಮ್ಮ!"

"ಇರ್ಲಿ. ಹಸಿವಿಗೆ ಅದೆಲ್ಲ ಗೊತ್ತಾಗುದಿಲ್ಲ."

ಅಷ್ಟರಲ್ಲಿ ಅಭಿಜಿತನ ಜೊತೆ ಬಂದಿದ್ದ ಗಿಡ್ಡನೆಯ ಯುವಕನೊಬ್ಬ ಬಾಗಿಲಿಗೆ ಬಂದು ಕೈಮುಗಿದ. ಬೆಳಗಾವಿಯ ಸೂರಜ್, ಅದೇ ದಳದ ಪೈಲಟ್.

"ನಮಸ್ಕಾರ್ರೀ ವೈನಿ. ಅಭ್ಯಾ ಒಳಗ ಬರಂಗಿಲ್ಲಂತ. ನಾನರ ಬಂದು ಜಯೇಶಗ ಹೂವು ಹಾಕ್ತೀನ್ರಿ."

ನಿಶ್ಮಿತಾ ಸಿಡಿದಳು. "ಯಾರಿಗೆ ವೈನಿ ಅಂತೀರಿ? ನಾನು ಯಾವ ಅಣ್ಣನ ಹೆಂಡತಿ ನಿಮಗೆ?"

ಸೂರಜ್ ತಬ್ಬಿಬ್ಬಾದ. "ಯಾಕ್ರೀ... ಅಭ್ಯಾಂದು ನಿಮ್ದು ನಿಶ್ಚಯ ಆಗೇತಲ್ರಿ? ಜಯೇಶನ ಹೇಳಿದ್ದ! ದಾಳಿ ಹಿಂದಿನ ಸಂಜಿ ಫೋನ್ ಇಟ್ಟಾಂವ ನೆಟ್ಟಗ ದಳದ ದೊಡ್ಡ ಸಾಹೇಬ್ರ ಹತ್ರ ಓಡಿದ. 'ಸಾಹೇಬ್ರ, ಅಭಿ ಇನ್ನ ನನ್ನ ಭಾವ ಆದ. ನಿಶ್ಚಿತಾರ್ಥ ಮುಗದೈತಿ' ಅಂದ. ನಮ್ಮೆಲ್ಲಾರ ಮುಂದ!"

"ಅದಕ್ಕೆ... ಏನಾಯ್ತು?"

"ನಮ್ಮ ದಳದಾಗ ಹಳೇ ರೂಢಿ ಐತ್ರಿ ವೈನಿ. ಯಾವ ಪುಸ್ತಕದಾಗೂ ಬರದಿಲ್ಲ. ಒಂದ ಮನಿ ಇಬ್ರು ಒಂದ ವಿಮಾನದಾಗ ಕೂಡಬಾರ್ದು. ಅಣ್ಣ ತಮ್ಮ ಇರ್ಲಿ, ಭಾವ ಮೈದುನ ಇರ್ಲಿ. ಒಂದು ವಿಮಾನ ಬಿದ್ರ ಒಂದು ಮನಿ ಪೂರ್ತಿ ಬೀಳಬಾರ್ದು ಅಂತ. ಸಾಹೇಬ್ರು ಬೈದ್ರು, 'ಕಡೀ ಗಳಿಗ್ಯಾಗ ಜೋಡಿ ಒಡೀತಿಯಲ್ಲೋ' ಅಂತ. ಆದ್ರ ರೂಢಿ ಮುರಿಲಿಲ್ಲ. ಅಭ್ಯಾನ್ನ ನನ್ನ ಹಿಂದ ಕೂಡ್ಸಿದ್ರು, ನನ್ನ ಹಿಂದಿನ ಹುಡುಗನ್ನ ಜಯೇಶನ ಹಿಂದ. ಅಭ್ಯಾ 'ಸುಳ್ಳ, ಸುಳ್ಳ' ಅಂತ ಎಷ್ಟ ಬಡಕೊಂಡ! ಜಯೇಶ ಅಂವನ ಬಾಯಿಗೆ ಕೈ ಒತ್ತಿ, 'ಇಬ್ರೂ ಒಟ್ಟಿಗೆ ಹೋದ್ರ ನನ್ನ ತಂಗಿಗೆ ಯಾರಿದ್ದಾರೋ' ಅಂದ..." ಸೂರಜ್ ಕಣ್ಣೊರೆಸಿಕೊಂಡ. "ಇಂವಾ ನಿಮಗ ಹೇಳೇ ಇಲ್ಲೇನ್ರಿ?"

ಫೋನಿನಲ್ಲಿ ಅಣ್ಣ ಕೊನೆಗೆ ಅಂದ ಮಾತು ಅವಳಿಗೆ ನೆನಪಾಯಿತು.

'ನನಗೊಂದು ಕೆಲಸ ಉಂಟು. ಈಗಲೇ ಮಾಡ್ಬೇಕು...'

ನನ್ನ ಫೋನ್... ನನ್ನ ಒಂದು ಮಾತು!

*

ಅವಳು ಚಪ್ಪಲಿಯಿಲ್ಲದೆ ಹೊರಗೋಡಿದಳು. ಅಭಿಜಿತ್ ಗೋಡೆಗೊರಗಿ ನಿಂತಿದ್ದ. ಮುಖದ ಮೂಳೆ ಎದ್ದು ಕಾಣುತ್ತಿತ್ತು.

"ಯಾಕೆ ಹೇಳ್ಲಿಲ್ಲ?"

ಅವನು ಸೂರಜನತ್ತ ನೋಡಿದ, ಅರ್ಥಮಾಡಿಕೊಂಡ. "ನಿಮ್ಮ ಫೋನ್ ಆದ ಕೂಡಲೇ ಅವನು ಓಡಿದ್ದು. ಹೇಳಿದ್ರೆ ನೀವು ಹೀಗೇ ನಿಲ್ತಿದ್ರಿ. 'ನನ್ನ ಮಾತಿಂದ ಹೀಗಾಯ್ತು' ಅಂತ. ಅದಕ್ಕಿಂತ ನನ್ನನ್ನು ಹೇಡಿ ಅನ್ನುದು ಹಗುರ."

"ನಾನು ಮಾತಾಡದೆ ಇದ್ದಿದ್ರೆ..."

"ಇದ್ದಿದ್ರೆ ಅದೇ ವಿಮಾನ, ಅದೇ ಪೆಟ್ಟು, ಎರಡು ಪೆಟ್ಟಿಗೆ ನಿಮ್ಮ ಕಣ್ಣೆದುರು ಇರ್ತಿದ್ವು." ಅವನು ಗೋಡೆ ಬಿಟ್ಟು ಮುಂದೆ ಬಂದ. "ಆದ್ರೆ ನಿಶ್ಮಿತಾ, ನನ್ನ ಸೀಟಲ್ಲಿ ಕೂತು ಹೋದನಲ್ಲ ಆ ಹುಡುಗ... ಅವನಿಗೂ ಒಬ್ಬಳು ತಂಗಿ ಇದ್ದಾಳೆ. ಅವಳಿಗೆ ನಾನು ಏನು ಹೇಳ್ಲಿ?"

ಪಟಾಕಿ ಹಚ್ಚಿದವರು ಯಾರೂ ಆ ತಂಗಿಯ ಮನೆಗೆ ಹೋಗಿರಲಿಲ್ಲ.

"ಒಟ್ಟಿಗೇ ಹೋಗಿ ಹೇಳುವ," ನಿಶ್ಮಿತಾ ಅಂದಳು. "ನೀವು ಬಂದ ಮೇಲೆ."

"ಬರ್ತೇನೋ ಇಲ್ವೋ. ಅದಕ್ಕೇ ಏನೂ ಹೇಳ್ಬೇಡಿ ನನಗೆ. ಜಯೇಶ್ ಹೇಳಿದ್ದು ಸುಳ್ಳು. ಸುಳ್ಳಾಗಿಯೇ ಇರ್ಲಿ."

"ಇರಕೂಡದು!" ಅವಳು ಕಿರುಚಿದಳು. ಬೀದಿಯವರೆಲ್ಲ ತಿರುಗಿದರು. "ನನ್ನಣ್ಣ ದೊಡ್ಡವರ ಮುಂದೆ ನಿಂತು ಮಾತು ಕೊಟ್ಟಿದ್ದಾನೆ. ಸತ್ತ ಮೇಲೆ ಅವನು ಸುಳ್ಳುಗಾರ ಆಗಬಾರದು. ಅವನ ಮಾತು ನಿಜ ಮಾಡಿ ಹೋಗಿ!"

ಹಿಂದೆ ಬಂದು ನಿಂತಿದ್ದ ಬೂಬಣ್ಣ ಎಲ್ಲ ಕೇಳಿಸಿಕೊಂಡಿದ್ದರು. ಮಗ ಹೋದ ಮೇಲೆ ಸರಿಯಾಗಿ ಒಂದು ಮಾತೂ ಆಡಿರದ ಮನುಷ್ಯ. ಪಾನ್ ಅಂಗಡಿಯವನ ಹಲಗೆಯಿಂದ ಒಂದು ಹಿಡಿ ಎಲೆ, ಒಂದು ಗೋಟಡಿಕೆ ಎತ್ತಿಕೊಂಡರು. ಅವರ ಕಡೆ ಸಂಬಂಧ ಕುದುರುವುದೇ ಹಾಗೆ, ಎರಡೂ ಮನೆಯ ಹಿರಿಯರು ವೀಳ್ಯ ಬದಲಾಯಿಸಿಕೊಂಡು.

"ಸೂತಕ ಇವತ್ತು ಕಳೀತು," ಎಂದರು. "ಹುಡುಗನ ಕಡೆಯವರು ಯಾರುಂಟು?"

"ನಾನ ಅದೀನ್ರಿ ಮಾವಾರ!" ಸೂರಜ್ ಮುಂದೆ ಬಂದ. ಅಳುತ್ತಲೇ, ಟೋಪಿ ತೆಗೆದು, ಎರಡೂ ಕೈ ಚಾಚಿದ. ಬೂಬಣ್ಣ ಕೊಟ್ಟ ಎಲೆ ತೆಗೆದುಕೊಂಡು, ಅದರಲ್ಲೇ ಅರ್ಧ ಅವರಿಗೆ ಮರಳಿಸಿದ. ನಳಿನಾಕ್ಷಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡರು.

"ಒಳಗೆ ಬಾ ಮಗಾ," ಎಂದರು. "ಮೊದಲು ಉಣ್ಣು."

ಅಭಿಜಿತ್ ಹೊಸ್ತಿಲ ಮುಂದೆ ನಿಂತು ನಿಶ್ಮಿತಾಳನ್ನು ನೋಡಿದ. ಅವಳು ತಲೆಯಾಡಿಸಿದಳು. ಅವನು ಬಲಗಾಲಿಟ್ಟು ಒಳಗೆ ಬಂದ, ಎಲೆಯ ಮುಂದೆ ಕೂತ, ಒಂದು ತುತ್ತು ಬಾಯಿಗಿಟ್ಟ.

ಆಗ, ಕತ್ತಲಾಗುತ್ತಿದ್ದ ಬೀದಿಯಲ್ಲಿ, ಸೈರನ್ ಊಳಿಟ್ಟಿತು.

ಈ ಸಲ ಯಾರೂ ಡ್ರಿಲ್ ಎಂದು ಮೊದಲೇ ಸಾರಿರಲಿಲ್ಲ. ಸೂರಜನ ಫೋನ್, ಅಭಿಜಿತನ ಫೋನ್, ಎರಡೂ ಒಟ್ಟಿಗೇ ಹೊಡೆದುಕೊಂಡವು. ಸ್ಟೇಷನ್ ಕಡೆಯ ದೀಪಗಳು ಸಾಲಾಗಿ ಆರುತ್ತ ಬಂದವು. ಬೀದಿಯಲ್ಲಿ ಜನ ಓಡುವ ಸದ್ದು.

ಅಭಿಜಿತ್ ಎದ್ದ. ಎಂಜಲು ಕೈ ಬಿಟ್ಟು ಎಡಗೈಯನ್ನು ಗಲ್ಲಾದ ಮೇಲಿನ ಮೇನ್ ಸ್ವಿಚ್ಚಿನತ್ತ ಚಾಚಿದ. ಅದು ನಡುಗುತ್ತಿತ್ತು. ನಿಶ್ಮಿತಾ ಅದರ ಮೇಲೆ ತನ್ನ ಕೈ ಇಟ್ಟಳು, ಗಟ್ಟಿಯಾಗಿ.

"ಯಾರ್ರೀ ನೀವು?" ಅವಳ ಕಣ್ಣು ತುಂಬಿ ಹರಿಯುತ್ತಿತ್ತು. "ನನ್ನ ಮೇನ್ ಸ್ವಿಚ್ ಮುಟ್ಲಿಕ್ಕೆ ನೀವ್ಯಾರು?"

"ನಾನು ಯಾರು ಅಂತ ನಿಮ್ಮಣ್ಣ ಹೇಳಿದನಲ್ಲ..." ಅಭಿಜಿತ್ ಮೆಲ್ಲಗೆ ಅಂದ, "ಅವನೇ."

ಇಬ್ಬರ ಕೈಯೂ ಸೇರಿ ಸ್ವಿಚ್ಚನ್ನು ಕೆಳಗೆಳೆದವು.