ಏರುಪೇರಾದ ಬೇಸ್ ಗಿಟಾರ್

"ನಮ್ಮಪ್ಪನ ಗಿಟಾರ್‌ನ ಯಾರೋ ಕೆಡಿಸಿದಾರೆ," ಎಂದು ಹುಡುಗಿ ಬಾಗಿಲಲ್ಲೇ ನಿಂತು ಹೇಳಿದಾಗ ಚಿಕ್ಕಮ್ಮ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಪೊಲೀಸ್ ಇಲಾಖೆಯಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ಅವರು ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋದ ಮೇಲ್ಮಹಡಿಯಲ್ಲಿ ವಾಸವಾಗಿದ್ದರು. ಹುಡುಗಿಯ ಹಿಂದೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ ರೆಕಾರ್ಡಿಸ್ಟ್, ಚಿಕ್ಕಮ್ಮನ ಅಕ್ಕನ ಮಗ. ಚಿಕ್ಕಮ್ಮನ ಪ್ರಕರಣಗಳಿಗೆಲ್ಲ ಬಾಲದಂತೆ ಅಂಟಿಕೊಂಡು ಹೋಗುತ್ತಿದ್ದವನ ಅಂಗಳಕ್ಕೇ ಈ ಸಲ ಪ್ರಕರಣ ಬಂದಿತ್ತು.

ಹುಡುಗಿಯ ಅಪ್ಪ, ಎಲ್ಲರ ಪಾಲಿನ ದೊಡ್ಡಣ್ಣ, ಆ ಸ್ಟುಡಿಯೋದ ಬೇಸ್ ಗಿಟಾರ್ ವಾದಕರಾಗಿದ್ದರು. ಕೊನೆಯ ಹಾಡನ್ನು ಅರ್ಧ ನುಡಿಸಿ ಕಣ್ಣು ಮುಚ್ಚಿದ್ದರು. ಉಳಿದರ್ಧವನ್ನು ಅದೇ ಗಿಟಾರಿನಲ್ಲಿ ಮಗಳು ತುಂಬಬೇಕಿತ್ತು, ಅದೂ ಈ ವಾರದೊಳಗೆ. ಆಮೇಲೆ ಕಟ್ಟಡ ಬೇರೆಯವರ ಪಾಲು. ಮೊದಲ ದಿನ ಅಭ್ಯಾಸಕ್ಕೆ ಕೂತಾಗ ಅವಳ ಸ್ವರ ಅಪ್ಪನದರ ಜೊತೆ ಹಾಲು ನೀರಿನಂತೆ ಬೆರೆತಿತ್ತು. ಮರುದಿನ ರೆಕಾರ್ಡಿಂಗಿಗೆ ಕೂತರೆ ಒಂದು ಸ್ವರ ಗುಡುಗುತ್ತಿತ್ತು, ಪಕ್ಕದ್ದು ಮುಳುಗಿ ಹೋಗುತ್ತಿತ್ತು.

ರೆಕಾರ್ಡಿಸ್ಟ್ ಮೈಕ್ ಸರಿಸಿ ನೋಡಿದ್ದ, ತಂತಿಗಳನ್ನು ಮತ್ತೆ ಮತ್ತೆ ಶ್ರುತಿ ಮಾಡಿಸಿದ್ದ. ಜೋರು ಸ್ವರವನ್ನು ತಗ್ಗಿಸುವ ಕಂಪ್ರೆಸರ್ ಯಂತ್ರದ ಗುಂಡಿಗಳನ್ನು ತಿರುಗಿಸಿ ಬೆರಳು ಸವೆಸಿದ್ದ. ದೊಡ್ಡಣ್ಣನ ಸದ್ದು ಒಂದೇ ಸಮ ಬರುತ್ತಿದ್ದುದು ಆ ಯಂತ್ರದಿಂದಲೇ ಎಂದು ಅವನು ಇಷ್ಟು ವರ್ಷ ಬೀಗುತ್ತಿದ್ದ. ಈಗ ಯಂತ್ರ ಕೈಕೊಟ್ಟಿತ್ತು.

ಹುಡುಗಿಯ ಅನುಮಾನವೆಲ್ಲ ಡ್ರಮ್ಮರ್ ಮಾಮನ ಮೇಲೆ. ಅವರು ದೊಡ್ಡಣ್ಣನ ಜೀವದ ಗೆಳೆಯ. ಆದರೆ ಆ ಹಾಡು ಅರ್ಧಕ್ಕೇ ನಿಲ್ಲಲಿ, ಗೆಳೆಯನ ಜಾಗದಲ್ಲಿ ಇನ್ನೊಬ್ಬರ ಬೆರಳು ಬೇಡ ಎಂದು ಹಟ ಹಿಡಿದಿದ್ದರು. ಸ್ಟುಡಿಯೋದ ಇನ್ನೊಂದು ಬೀಗದ ಕೈಯೂ ಅವರ ಬಳಿ ಇತ್ತು.

ಚಿಕ್ಕಮ್ಮ ಕೆಳಗಿಳಿದು ಬಂದರು. ಸದ್ದು ಹೀರಲೆಂದು ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದ ಗೋಡೆ, ಟೀ ಲೋಟದ ವೃತ್ತಗಳು ಉಳಿದಿದ್ದ ಮೇಜು, ಗೂಟದಲ್ಲಿ ದೊಡ್ಡಣ್ಣನ ಬೂದು ಸ್ವೆಟರ್. ಅದರ ಎಡತೋಳಿನ ಅಂಚೇ ಇರಲಿಲ್ಲ. ಇಲಿ ತಿಂದಿತು ಎಂದು ದೊಡ್ಡಣ್ಣ ಹೇಳುತ್ತಿದ್ದುದು, ತಾವೆಲ್ಲ ಆ ಇಲಿಯ ಅಭಿರುಚಿಯನ್ನು ಹೊಗಳುತ್ತಿದ್ದುದು ರೆಕಾರ್ಡಿಸ್ಟನಿಗೆ ನೆನಪಾಯಿತು. ಎಷ್ಟು ನಗು ತುಂಬಿದ್ದ ಕೋಣೆ ಅದು.

ಚಿಕ್ಕಮ್ಮ ಮೊದಲು ದೊಡ್ಡಣ್ಣನ ಹಳೆಯ ಟೇಪ್ ಕೇಳಿದರು. ಪ್ರತಿ ಸ್ವರವೂ ಗಿಡ್ಡ, ದುಂಡಗೆ. ಆಮೇಲೆ ಹುಡುಗಿಗೆ ನುಡಿಸಲು ಹೇಳಿದರು. ಮೀಟಿದ ಮೇಲೂ ಸ್ವರ ಗುಂಯ್‌ಗುಡುತ್ತ ಮುಂದಿನದರ ಮೇಲೆ ಬೀಳುತ್ತಿತ್ತು. ತಂತಿಗಳ ಬುಡವನ್ನು ಮುಚ್ಚುವ ಲೋಹದ ಮುಚ್ಚಳದ ಸ್ಕ್ರೂಗಳನ್ನು ನೋಡಿದರು. ಹಳೆಯ ತುಕ್ಕಿನ ಮೇಲೆ ಹೊಸ ಗೀರುಗಳಿದ್ದವು. ಗೋಡೆಯಲ್ಲಿ ಸಾಲಾಗಿ ನೇತುಹಾಕಿದ್ದ ಸ್ಕ್ರೂಡ್ರೈವರುಗಳ ಕಡೆಗೊಮ್ಮೆ ಕಣ್ಣಾಡಿಸಿ, ನಾಳೆ ಎಲ್ಲರೂ ಬರಲಿ, ಹುಡುಗಿಯ ಅಮ್ಮನೂ ಬರಲಿ ಎಂದರು.

ಮರುದಿನ ಡ್ರಮ್ಮರ್ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಅಮ್ಮ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದರು.

"ಈ ಗಿಟಾರ್‌ಗೆ ಯಾರೂ ಏನೂ ಸೇರಿಸಿಲ್ಲ, ಒಂದನ್ನ ತೆಗೆದಿದಾರೆ," ಎಂದು ಚಿಕ್ಕಮ್ಮ ಶುರು ಮಾಡಿದರು. "ಮುಚ್ಚಳದಡಿ ತಂತಿಗೆ ತಾಗೋ ಹಾಗೆ ಮೆತ್ತಗಿನ ಬಟ್ಟೆ ಇಟ್ಟರೆ ಪ್ರತಿ ಸ್ವರಾನೂ ಅಷ್ಟಕ್ಕೇ ನಿಲ್ಲುತ್ತೆ, ಒಂದೇ ಸಮ ಕೇಳುತ್ತೆ. ಟೇಪಲ್ಲಿರೋದು ಅದೇ. ಆ ಬಟ್ಟೆಗೋಸ್ಕರ ಸ್ವೆಟರ್ ತೋಳು ಕತ್ತರಿಸಿದ್ದು ದೊಡ್ಡಣ್ಣನೇ, ಇಲಿ ಆಗಿದ್ರೆ ಅಷ್ಟು ನೇರಕ್ಕೆ ಕತ್ತರಿಸ್ತಿರಲಿಲ್ಲ."

ರೆಕಾರ್ಡಿಸ್ಟ್ ತನ್ನ ಕಂಪ್ರೆಸರಿನ ಕಡೆ ನೋಡಲಾರದೆ ನೆಲ ನೋಡಿದ.

ಡ್ರಮ್ಮರೋ ರೆಕಾರ್ಡಿಸ್ಟನೋ ಮುಚ್ಚಳ ಬಿಚ್ಚಿದ್ದರೆ ಗೋಡೆಯಿಂದ ಸರಿಯಾದ ಸ್ಕ್ರೂಡ್ರೈವರನ್ನೇ ತೆಗೆದುಕೊಳ್ಳುತ್ತಿದ್ದರು, ಇಷ್ಟು ಗೀರು ಬೀಳುತ್ತಿರಲಿಲ್ಲ ಎಂದು ಚಿಕ್ಕಮ್ಮ ವಿವರಿಸಿದರು. ಬಿಚ್ಚಿದ್ದು ಉಗುರು ಕತ್ತರಿಯ ಮೊನೆಯಂಥದ್ದರಿಂದ. ಆ ಬಟ್ಟೆ ಯಾರಿಗೆ ಬೇಕು? ಆ ಸ್ವೆಟರನ್ನು ಕೈಯಾರೆ ಹೆಣೆದವರಿಗೆ.

ಅಮ್ಮ ಕೈಚೀಲ ತೆರೆದು ಬೂದು ಉಣ್ಣೆಯ ಮಡಿಕೆಯನ್ನು ಹೊರತೆಗೆದರು. ಅಭ್ಯಾಸ ಮುಗಿದ ಸಂಜೆ ಗಿಟಾರ್ ಒರೆಸಲು ಬಂದಿದ್ದರಂತೆ. ಮುಚ್ಚಳದ ಸಂದಿಯಲ್ಲಿ ತಮ್ಮ ಉಣ್ಣೆಯ ಎಳೆ ಕಂಡಿತಂತೆ.

"ಅವರ ವಾಸನೆ ಇನ್ನೂ ಇತ್ತು," ಎಂದರು. "ಇದರಿಂದಲೇ ಸದ್ದು ಕೆಟ್ಟಿರಬಹುದು ಅಂತ ನಿನ್ನೆ ಅನ್ನಿಸ್ತು. ಆದ್ರೂ ಕೊಡೋಕೆ ಮನಸ್ಸು ಬರಲಿಲ್ಲ."

ಹುಡುಗಿ ಡ್ರಮ್ಮರ್ ಮಾಮನ ಕೈ ಹಿಡಿದು ತಪ್ಪಾಯಿತು ಎಂದಳು. ಅವರು ಎದ್ದು ಹೋಗಿ ಡ್ರಮ್ಮಿನ ಮುಂದೆ ಕೂತರು.

ಉಣ್ಣೆ ಮುಚ್ಚಳದಡಿ ಸೇರಿತು. ಹುಡುಗಿ ನುಡಿಸಿದಳು. ಅಪ್ಪ ನಿಲ್ಲಿಸಿದ್ದು ಎಲ್ಲಿ, ಮಗಳು ಹಿಡಿದದ್ದು ಎಲ್ಲಿ ಎಂದು ರೆಕಾರ್ಡಿಸ್ಟನ ಪಳಗಿದ ಕಿವಿಗೂ ತಿಳಿಯಲಿಲ್ಲ. ಹಾಡು ಮುಗಿದಾಗ ಅವನು ಕಣ್ಣೊರೆಸಿಕೊಂಡ, ಯಾರಿಂದಲೂ ಮುಚ್ಚಿಡಲಿಲ್ಲ.

ಹುಡುಗಿ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಲು ಹೋದಳು, ಉಣ್ಣೆಯನ್ನು ಅಮ್ಮನಿಗೆ ಹಿಂದಿರುಗಿಸಲೆಂದು. ಅಮ್ಮ ಅವಳ ಕೈ ತಡೆದರು.

"ಅಲ್ಲೇ ಇರ್ಲಿ ಬಿಡು. ಇಷ್ಟು ವರ್ಷ ಇಲಿ ಅಂತ ನನಗೂ ಸುಳ್ಳು ಹೇಳಿದ್ರಲ್ಲ ನಿಮ್ಮಪ್ಪ," ಎಂದು ನಕ್ಕು, ಗೂಟದಿಂದ ಸ್ವೆಟರನ್ನು ಇಳಿಸಿಕೊಂಡರು. "ಇದಕ್ಕೆ ಬೇರೆ ತೋಳು ಹೆಣೀತೀನಿ. ನಿನ್ನ ಅಳತೆಗೆ."