ಸರದಿ ಯಂತ್ರದ ಕಳವು

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ಸಾಫ್ಟ್‌ವೇರ್ ಕಂಪನಿಯೊಂದರ ಹೊಸ ಮ್ಯಾನೇಜರು ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಶನಿವಾರ ಸಂಜೆ ಇದ್ದ ಹಳೆಯ ಸರ್ವರ್ ಯಂತ್ರ ಈಗ ಇಲ್ಲ. ಬೀಗ ಮುರಿದಿಲ್ಲ.

"ಏನ್ ಕೆಲಸ ಮಾಡ್ತಿತ್ತು ಅದು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಡಯಾಲಿಸಿಸ್ ಕೇಂದ್ರಗಳಲ್ಲಿ ಯಾರ ಸರದಿ ಯಾವಾಗ ಅಂತ ರೋಗಿಗಳ ಮೊಬೈಲಿಗೆ ತಿಳಿಸ್ತಿತ್ತು. ಈ ತಿಂಗಳ ಕೊನೆಗೆ ನಿಲ್ಲಿಸೋರಿದ್ವಿ. ಸಣ್ಣ ಸಣ್ಣ ಕೇಂದ್ರಗಳು, ನಮಗೆ ಗಿಟ್ಟಲ್ಲ."

"ನಿಲ್ಲಿಸೋ ಯಂತ್ರ ಹೋಯ್ತು ಅಂತ ದೂರಾ?"

"ನಿಲ್ಲಿಸೋದಾದ್ರೂ ನಾವೇ ನಿಲ್ಲಿಸ್ಬೇಕಲ್ಲ ಮೇಡಂ."

ಅದೂ ಸರಿಯೇ. ಎಫ್‌ಐಆರ್ ದಾಖಲಾಯಿತು.

ಮೀಸೆ ಬೋಳಿಸಿ ವರ್ಷಗಳಾದರೂ ಠಾಣೆಯಲ್ಲಿ 'ಮೀಸೆ' ಎಂದೇ ಕರೆಸಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಪಂಚನಾಮೆ ಬರೆದುಕೊಂಡರು. ಯಂತ್ರವಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಪಕ್ಕದಲ್ಲಿ, ಬಿಚ್ಚಿದ ವೈರುಗಳನ್ನು ಒಂದೊಂದಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿತ್ತು.

"ನಮ್ಮನೇಲಿ ಇಸ್ತ್ರಿಪೆಟ್ಟಿಗೆ ವೈರನ್ನೂ ಯಾರೂ ಹೀಗೆ ಸುತ್ತಿಡಲ್ಲ ಮೇಡಂ," ಎಂದರು ಮೀಸೆ. "ಕಳ್ಳ ಒಳ್ಳೆ ಮನೆತನದೋನು."

ಕೋಣೆಯ ಕೀಲಿ ಮೂರು ಜನರ ಬಳಿ ಇತ್ತು. ಮ್ಯಾನೇಜರು, ಕಾವಲಿನವನು, ಮತ್ತು 'ಅಣ್ಣ'. ಅಣ್ಣ ಅಂದರೆ ಕಂಪನಿ ಕಟ್ಟಿದವರು. ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಶುರುಮಾಡಿದ್ದರಂತೆ. ಕಂಪನಿ ಮೂರಂತಸ್ತಿಗೆ ಏರಿದ ಮೇಲೂ ವಾರಕ್ಕೊಮ್ಮೆ ಯಾವುದಾದರೂ ಕೇಂದ್ರಕ್ಕೆ ಹೋಗಿ, ನರ್ಸುಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಅವರ ಬೈಗುಳವನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದರಂತೆ. ಹೋದ ವರ್ಷ ಪಾಲುದಾರರ ಒತ್ತಾಯಕ್ಕೆ ಕಂಪನಿ ಮಾರಿದರು. ಈಗ ಸಲಹೆಗಾರರು, ಅಂದರೆ ಒಂದು ಕ್ಯಾಬಿನ್ ಇದೆ, ಸಲಹೆ ಯಾರೂ ಕೇಳುವುದಿಲ್ಲ. ಇದನ್ನೆಲ್ಲ ಸ್ವಾಗತದ ಮೇಜಿನ ಹೆಂಗಸು ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿ ಬಂತು.

ಯಂತ್ರ ನಿಂತು ಎಲ್ಲೆಲ್ಲಿ ತೊಂದರೆಯಾಗಿದೆಯೋ ತಿಳಿಯೋಣವೆಂದು ಇನ್ಸ್‌ಪೆಕ್ಟರಮ್ಮ ಒಂದು ಕೇಂದ್ರಕ್ಕೆ ಫೋನ್ ಮಾಡಿದರು.

"ತೊಂದ್ರೆ ಏನಿಲ್ವಲ್ಲ," ಎಂದರು ಅಲ್ಲಿನ ನರ್ಸ್. "ಶನಿವಾರ ರಾತ್ರಿ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಚೆನ್ನಾಗೇ ನಡೀತಿದೆ."

"ನಿಲ್ಲುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಯಾವಾಗ್ಲೂ ಮೊದಲೇ ಮೆಸೇಜ್ ಬರುತ್ತೆ. ನಾನು ನೋಡಲ್ಲ ಅಂತ ಗೊತ್ತಲ್ಲ, ಅಣ್ಣಾನೇ ಫೋನ್ ಮಾಡಿ, ನಾಳೆ ಸರದಿ ಪ್ರಿಂಟ್ ತೆಗೆದಿಟ್ಕೊಳ್ಳಮ್ಮ ಅಂದ್ರು."

ಇನ್ಸ್‌ಪೆಕ್ಟರಮ್ಮ ಫೋನ್ ಇಟ್ಟು ನಕ್ಕೇಬಿಟ್ಟರು. ಕಾಯುವವರಿಗೆ ತಿಳಿಸದೆ ಯಂತ್ರ ನಿಲ್ಲಿಸಬಾರದೆಂಬುದು ಆ ಕಂಪನಿಯಲ್ಲಿ ಮೊದಲ ದಿನವೇ ಕಲಿಸುವ ಪಾಠವಂತೆ. ಕದಿಯುವ ಹೊತ್ತಿಗೂ ಅಣ್ಣನಿಗೆ ಅದನ್ನು ಮೀರಲಾಗಲಿಲ್ಲ. ಆರೋಪಿಯ ಮೇಲೆ ಅಕ್ಕರೆ ಹುಟ್ಟುವುದು ವೃತ್ತಿಗೆ ಒಳ್ಳೆಯದಲ್ಲ, ಆದರೆ ಹುಟ್ಟಿಬಿಟ್ಟಿತ್ತು.

ಮಧ್ಯಾಹ್ನ ಅಣ್ಣನ ಮನೆ ಬಾಗಿಲು ತೆರೆದದ್ದು ಅವರ ಅಕ್ಕ. ತೆಳ್ಳನೆಯ ಜೀವ, ಎಡಗೈ ತುಂಬ ಸೂಜಿಯ ಗುರುತು. "ಬನ್ನಿ," ಎಂದು ಹೇಳಿ ಒಳಗೆ ತಿರುಗಿ, "ಲೋ, ನಿನ್ನ ಕರ್ಕೊಂಡು ಹೋಗೋಕೆ ಬಂದಿದಾರೆ, ಒಂದು ಶರ್ಟ್ ಹಾಕ್ಕೋ," ಎಂದರು.

ಯಂತ್ರ ಅಕ್ಕಿ ಡಬ್ಬಿಗಳ ನಡುವೆ, ಟೇಬಲ್ ಫ್ಯಾನಿನ ಗಾಳಿಯಲ್ಲಿ ಗುಂಯ್ ಎನ್ನುತ್ತಿತ್ತು.

"ನೀವೇ ತಂದ್ರಾ?"

"ಹೌದು ಮೇಡಂ."

"ಅದು ನಿಮ್ಮದಲ್ಲ."

"ಗೊತ್ತು. ನಾನೇ ಮಾರಿದೀನಲ್ಲ." ಅಣ್ಣ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು. "ಕೇಂದ್ರದವರು ಬೇರೆ ಏರ್ಪಾಡು ಮಾಡ್ಕೊಳ್ಳೋಕೆ ಒಂದು ವರ್ಷ ಟೈಮ್ ಕೊಡಿ ಅಂತ ಕೇಳ್ದೆ. ಕೊಡ್ಲಿಲ್ಲ. ಈಗ ನೀವು ಆಫ್ ಮಾಡ್ತೀರಾ?"

ಅವರಿಗೆ ಬಂಧನದ ಚಿಂತೆ ಇದ್ದಂತಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಯಂತ್ರವನ್ನೂ ಅಕ್ಕನ ಕೈಯನ್ನೂ ಒಮ್ಮೆ ನೋಡಿದರು.

"ಜಪ್ತಿ ಮಾಡ್ಲೇಬೇಕು. ಮೊದಲು ಎಲ್ರಿಗೂ ತಿಳಿಸಿ. ನಾವು ಕಾಯ್ತೀವಿ."

ಜಪ್ತಿ ಮಹಜರಿನಲ್ಲಿ ಇನ್ಸ್‌ಪೆಕ್ಟರಮ್ಮ ಒಂದು ಸಾಲು ಹೆಚ್ಚಾಗಿ ಬರೆಸಿದರು: ಸದರಿ ಯಂತ್ರವು ನಿಂತರೆ ರೋಗಿಗಳಿಗೆ ಅಪಾಯವಿರುವುದರಿಂದ, ನ್ಯಾಯಾಲಯದ ಆದೇಶ ಬರುವವರೆಗೆ ಠಾಣೆಯಲ್ಲಿ ಚಾಲನೆಯಲ್ಲೇ ಇಡತಕ್ಕದ್ದು.

"ಆದೇಶ ಬರೋಕೆ ಎಷ್ಟು ದಿನ ಆಗುತ್ತೆ?" ಜೀಪಿನಲ್ಲಿ ಅಣ್ಣ ಕೇಳಿದರು.

"ಆ ಯೋಚನೆ ಬಿಡಿ ಸಾರ್," ಎಂದರು ಮೀಸೆ. "ನಮ್ಮಲ್ಲೊಂದು ಕಳವಿನ ಸೈಕಲ್ ಇದೆ. ಕದ್ದೋನಿಗೆ ಮೊಮ್ಮಕ್ಕಳಾದ್ರು."

ಹೇಳಿಕೆಯಲ್ಲಿ ಅಣ್ಣ ಹೆಚ್ಚೇನೂ ಹೇಳಲಿಲ್ಲ. ಅಕ್ಕನಿಗೆ ಕಾಯಿಲೆ ಬಂದಾಗ ಸರದಿ ಎಷ್ಟು ಹೊತ್ತಿಗೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೆಳಗಿನಿಂದ ಬೆಂಚಿನ ಮೇಲೆ ಕೂತು ಸುಸ್ತಾಗಿ ಆಕೆ ಇವರ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಆ ಬೆಂಚಿನ ಮೇಲೆಯೇ ಕೂತು ಬರೆದ ಪ್ರೋಗ್ರಾಂ ಅದು. ಕಂಪನಿ, ಮೂರು ಅಂತಸ್ತು, ಎಲ್ಲ ಆಮೇಲೆ ಬಂದದ್ದು.

ಸಂಜೆ ಠಾಣೆಗೆ ಬಟ್ಟೆ ತಂದುಕೊಟ್ಟ ಅಕ್ಕನ ಮೊಬೈಲು ಸದ್ದು ಮಾಡಿತು. ಪಕ್ಕದ ಕೋಣೆಯಿಂದ ಯಂತ್ರ ಕಳಿಸಿದ್ದು: ನಾಳೆ ಬೆಳಿಗ್ಗೆ ಆರಕ್ಕೆ ನಿಮ್ಮ ಸರದಿ. ಆಕೆ ಅದನ್ನು ಕಂಬಿಯ ಆಚೆಗೆ ಹಿಡಿದು ತೋರಿಸಿದರು. ಇಷ್ಟು ವರ್ಷ ಒಂದು ಸರದಿಗೂ ಅಣ್ಣ ಅಕ್ಕನನ್ನು ಒಬ್ಬಳನ್ನೇ ಕಳಿಸಿದ್ದಿಲ್ಲ.

"ನಾಳೆ ನಾನು ಬರೋಕಾಗಲ್ಲ ಅಕ್ಕಾ."

"ನೀನು ಎಲ್ಲೂ ಹೋಗ್ಬೇಡ, ಇಲ್ಲೇ ಕೂತಿರು," ಎಂದರು ಅಕ್ಕ. "ಮುಗಿಸ್ಕೊಂಡು ಬರ್ತೀನಿ."